ಹಿಂದಿನ ಗೇಟಿನ ರೋಗಿ

ನಾನು ಕುಡುಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಗೊತ್ತಾಗಿ ನೀವು ಮೂಗು ಮುರಿಯುವ ಬದಲು ಈಗಲೇ ಮುರಿದುಬಿಟ್ಟರೆ ಇಬ್ಬರಿಗೂ ಸಲೀಸು. ಕೆಲಸ ಏನೆಂದು ಕೇಳಿದರೆ ಮಾತ್ರ ಮೂಗು ಮುರಿಯುವುದಿಲ್ಲ, ಮುಚ್ಚಿಕೊಳ್ಳುತ್ತೀರಿ. ದೊಡ್ಡಾಸ್ಪತ್ರೆಯ ಶವಾಗಾರದಲ್ಲಿ ಹೆಣ ಕೊಯ್ಯುವವನು ನಾನು. ಕೊಯ್ದು, ತೆಗೆದು ತೋರಿಸಿ, ಮತ್ತೆ ಒಳಗಿಟ್ಟು ಹೊಲಿಯುವವನು. ಆಸ್ಪತ್ರೆಯವರು ನನ್ನನ್ನು ಕತ್ತರಿ ಎಂದು ಕರೆಯುತ್ತಾರೆ. ಅಪ್ಪನನ್ನೂ ಹಾಗೇ ಕರೆಯುತ್ತಿದ್ದರು. ಪಿತ್ರಾರ್ಜಿತ ಅಂತ ನನಗೆ ಬಂದದ್ದು ಈ ಹೆಸರು, ಈ ಕೆಲಸ, ಈ ಗಂಟಲು.

ಕೊಯ್ಯಬೇಕಾದವರು ಡಾಕ್ಟರಂತೆ. ಆದರೆ ನಮ್ಮ ಡಾಕ್ಟರು ಆ ಹೊಸ್ತಿಲು ದಾಟಿದ್ದನ್ನು ನಾನು ನೋಡಿಲ್ಲ. ಕರವಸ್ತ್ರ ಮೂಗಿಗೆ ಒತ್ತಿಕೊಂಡು ಹೊರಗೆ ನಿಂತು, "ಎದೆ ತೆಗಿ, ಹೊಟ್ಟೆ ತೆಗಿ, ಬಣ್ಣ ಹೇಳು" ಅನ್ನುತ್ತಾರೆ. ನಾನು ಬಣ್ಣ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಒಬ್ಬ ಕುಡುಕನ ಕಣ್ಣಿಗೆ ಕಂಡ ಬಣ್ಣದ ಮೇಲೆ ಎಷ್ಟು ಜನ ಜೈಲಿಗೆ ಹೋದರೋ, ಎಷ್ಟು ಜನ ಪಾರಾದರೋ, ದೇವರೇ ಬಲ್ಲ.

ಆ ಕೋಣೆಯಲ್ಲಿ ಫ್ಯಾನಿಲ್ಲ. ಇದ್ದದ್ದನ್ನು ಆಫೀಸಿಗೆ ಬಿಚ್ಚಿಕೊಂಡು ಹೋದರು, ಹೆಣಕ್ಕೇನು ಸೆಖೆ ಎಂದು. ಗ್ಲೌಸು ಕೇಳಿದರೆ ಸ್ಟಾಕಿಲ್ಲ. ಮಾಸ್ಕು ಕೇಳಿದರೆ, "ಇಷ್ಟು ವರ್ಷ ಆಯ್ತು, ಇನ್ನೂ ಅಭ್ಯಾಸ ಆಗಿಲ್ವಾ?" ಬಾಟಲಿ ಮಾತ್ರ ಒಂದು ದಿನವೂ ತಪ್ಪಿದ್ದಿಲ್ಲ. ಅದು ಆಸ್ಪತ್ರೆಯ ಖರ್ಚಲ್ಲ ನೋಡಿ. ಸತ್ತವರ ಮನೆಯವರಿಗೆ ಪೊಲೀಸಿನವರೇ ಹೇಳಿ ಕಳಿಸುತ್ತಾರೆ: ಬಿಳಿ ಬಟ್ಟೆ, ದಾರ, ಸೋಪು, ಒಂದು ಬಾಟಲಿ. ಗೇಟಿನೆದುರಿನ ಅಂಗಡಿಯವನು ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಕಟ್ಟಿಟ್ಟಿರುತ್ತಾನೆ. ಅಳುತ್ತಾ ಬಂದವರು "ಸೆಟ್ ಕೊಡಿ" ಅಂದರೆ ಸಾಕು.

ಕೆಟ್ಟ ಸ್ನೇಹಿತರಿಂದ ಕುಡಿತ ಕಲಿತೆ ಎಂದು ಹೇಳುವವರಿದ್ದಾರೆ. ನನಗೆ ಆ ಭಾಗ್ಯವೂ ಇಲ್ಲ. ಹೆಣ ಕೊಯ್ಯುವವನಿಗೆ ಕೆಟ್ಟ ಸ್ನೇಹಿತರೂ ಸಿಗುವುದಿಲ್ಲ. ಅಪ್ಪ ಸತ್ತ ಮೇಲೆ ಮೊದಲ ಸಲ ಆ ಬಾಗಿಲಲ್ಲಿ ವಾಂತಿ ಮಾಡಿಕೊಂಡು ನಿಂತಿದ್ದಾಗ ಡಾಕ್ಟರೇ ನನ್ನ ಬೆನ್ನು ಸವರಿದರು. ಮುಚ್ಚಳ ತಿರುಗಿಸಿ ಕೊಟ್ಟು, "ಔಷಧಿ ಅಂದ್ಕೊಂಡು ಕುಡಿ" ಅಂದರು. ಅಂದಿನಿಂದ ಒಂದು ಹೊತ್ತೂ ತಪ್ಪಿಸಿಲ್ಲ. ನನ್ನಂಥ ವಿಧೇಯ ರೋಗಿ ಅವರಿಗೆ ಇನ್ನೊಬ್ಬ ಸಿಕ್ಕಿರಲಾರ.

ಶವಾಗಾರದ ಹಿಂಗೋಡೆಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಅಕ್ಕ, ಭಾವ, ನಾನು ಇದ್ದೆವು. ಕತ್ತರಿಗೆಂದು ಕೊಟ್ಟ ಕೋಣೆ ಅದು. ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವಲ್ಲಿ ದಿನಗೂಲಿ. ಭಾವ ಮುಂದಿನ ತೋಟದ ಮಾಲಿ. ಬೀಡಿ ಮುಟ್ಟದ ಮನುಷ್ಯ, ಟೀ ಕೂಡ ಅರ್ಧ ಲೋಟ. ಗಿಡಕ್ಕೆ ಹುಳು ಹತ್ತಿದರೆ ಕೊಲ್ಲಲು ಕೈ ಬಾರದೆ ಎಲೆ ಸಮೇತ ಕಿತ್ತು ಬೇಲಿಯಾಚೆ ಬಿಟ್ಟು ಬರುವವರು. ಅವರು ಯಾರಿಗೂ ಎದುರು ಮಾತಾಡಿದ್ದನ್ನು ನಾನು ಕಂಡಿಲ್ಲ. ನಾನು ಕುಡಿದು ಬಂದಾಗ ಬೈಯುವುದೂ ಹೀಗೇ: "ಊಟ ಮಾಡಿ ಮಲಗಪ್ಪಾ." ಅದರ ಬದಲು ಎರಡು ಬಾರಿಸಿದ್ದರೆ ಚೆನ್ನಾಗಿತ್ತು.

ಒಂದು ದಿನ ಹೆಚ್ಚುಕಡಿಮೆ ನನ್ನ ವಯಸ್ಸಿನವನದೇ ಹೆಣ ಬಂತು. ಬೀದಿಯಲ್ಲಿ ಬಿದ್ದು ಸತ್ತವನು. ಹೊಟ್ಟೆ ತೆಗೆದೆ. "ಲಿವರ್ ಬಣ್ಣ ಹೇಳು," ಅಂದರು ಡಾಕ್ಟರು ಹೊರಗಿಂದ. ಅದು ಗಂಟುಗಂಟಾಗಿ, ಸುಟ್ಟ ಕಲ್ಲಿನ ಹಾಗೆ ಕೈಯಲ್ಲಿ ಕೂತಿತ್ತು. ಬೇರೆಯವರು ತಮ್ಮ ಹಣೆಬರಹ ತಿಳಿಯಲು ಶಾಸ್ತ್ರ ಕೇಳುತ್ತಾರೆ. ನಾನು ನನ್ನದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಕೋಣೆಗೆ ಹೋಗಿ ಅಕ್ಕನಿಗೆ, "ಕುಡಿಯೋದು ಬಿಡಬೇಕು," ಅಂದೆ. ಅವಳು ಒಗೆಯುತ್ತಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ. "ಕುಡಿದಿದ್ಯಾ?" ಅಂದಳು. ಹೌದು, ಆ ಮಾತು ಹೇಳಲಿಕ್ಕೂ ನನಗೆ ಕುಡಿಯಬೇಕಾಗಿತ್ತು.

ಆದರೂ ಅಕ್ಕ ಹಿಡಿದ ಪಟ್ಟು ಬಿಡುವವಳಲ್ಲ. ಫೋನು ಹಿಡಿದು ಕೂತಳು. ಕುಡಿತ ಬಿಡಿಸುವ ಸಹಾಯವಾಣಿಯಲ್ಲಿ ಒಂದು ಸವಿದನಿ, ರಾಜ್ಯದ ಯಾವ ಮೂಲೆಯಲ್ಲಿದ್ದರೂ ನಿಮಗೆ ನೆರವು ಸಿಗುತ್ತದೆ ಎಂದಿತು. ಯಾವ ಮೂಲೆಯಲ್ಲಿದ್ದರೂ ಸಿಗುವ ವಸ್ತು ಅಂದರೆ ನನಗೆ ಅದುವರೆಗೆ ಒಂದೇ ಗೊತ್ತಿತ್ತು. ರಜೆ ಹಾಕಿದೆ. ನನ್ನ ಬದಲಿಗೆ ಪಕ್ಕದ ಊರಿನ ಆಸ್ಪತ್ರೆಯಿಂದ ಒಬ್ಬನನ್ನು ಕರೆಸಿಕೊಂಡರು. ಅವನೂ ನನ್ನಂಥವನೇ, ಎರಡರ್ಥದಲ್ಲೂ.

ಮೊದಲು ಹೋದ ಕೇಂದ್ರಕ್ಕೆ ಹುಲ್ಲುಹಾಸಿತ್ತು, ಕಾರಂಜಿಯಿತ್ತು. ನಾವು ಬಾಗಿಲ ಬಳಿ ಚಪ್ಪಲಿ ಬಿಟ್ಟದ್ದನ್ನು ಕಂಡು ಮೇಜಿನ ಹಿಂದಿದ್ದ ಹುಡುಗಿ ನಕ್ಕು ನಿಂಬೆಹಣ್ಣಿನ ನೀರು ಕೊಟ್ಟಳು. "ಸರ್ ಯಾವ ಫೀಲ್ಡ್‌ನಲ್ಲಿದ್ದೀರಿ? ಕೆಲಸದ ಒತ್ತಡ ಜಾಸ್ತಿನಾ?" ನನ್ನನ್ನು ಸರ್ ಅಂದದ್ದು ಅವಳೊಬ್ಬಳೇ. ಆ ಖುಷಿಯಲ್ಲಿ ನಿಜ ಹೇಳಿಬಿಟ್ಟೆ. "ಹೆಣದ ಫೀಲ್ಡು ಮೇಡಂ. ಒತ್ತಡ ಇಲ್ಲ, ಅವು ಏನೂ ಅನ್ನಲ್ಲ." ಅವಳು ಲೋಟ ವಾಪಸು ತೆಗೆದುಕೊಳ್ಳಲು ಕೈ ಚಾಚಿ, ಅರ್ಧಕ್ಕೇ ಹಿಂದೆಳೆದುಕೊಂಡಳು. ಆಮೇಲೆ ತಿಂಗಳ ಶುಲ್ಕ ಹೇಳಿದಳು. ಅಕ್ಕ ಲೋಟವನ್ನು ನಿಧಾನವಾಗಿ ಕೆಳಗಿಟ್ಟು, "ಬಾರೋ, ಇಲ್ಲಿ ಕುಡುಕರಾಗೋಕೂ ಯೋಗ್ಯತೆ ಬೇಕು," ಅಂದಳು.

ಎರಡನೆಯದು ಇನ್ನೊಂದು ದಿಕ್ಕಿನಲ್ಲಿ, ಬಸ್ಸು ಬದಲಿಸಿ ಬದಲಿಸಿ ಹೋಗಬೇಕಾದ ಊರಿನಲ್ಲಿತ್ತು. ಹಳೇ ಗೋದಾಮು. ಕುಡಿತ ಬಿಟ್ಟ ಒಬ್ಬಾತ ಅದನ್ನು ನಡೆಸುತ್ತಿದ್ದ, ಕೊರಳಲ್ಲಿ ಸೀಟಿ. ಸೀಟಿ ಊದಿದರೆ ಏಳಬೇಕು, ಊದಿದರೆ ಮಲಗಬೇಕು. ಹೇಳಿದ ಕೂಡಲೇ ಸೇರಿಸಿಕೊಂಡ. "ಇಲ್ಲಿ ದೊಡ್ಡವ್ರು ಚಿಕ್ಕವ್ರು ಅಂತ ಇಲ್ಲ. ಬಾಟ್ಲಿ ಮುಂದೆ ಎಲ್ಲಾ ಒಂದೇ," ಅಂದ. ನನಗೆ ಕಣ್ಣು ತುಂಬಿತು. ಸಾಲಿನಲ್ಲಿ ಊಟಕ್ಕೆ ಕೂತೆ. ಪಕ್ಕದವನು ಕೆಲಸ ಕೇಳಿದ. ಹೇಳಿದೆ. ಅವನು ತಟ್ಟೆ ಎತ್ತಿಕೊಂಡು ಸರಿದ. ಅವನ ಪಕ್ಕದವನೂ ಸರಿದ. ಹೆಂಡತಿಯ ತಾಳಿ ಮಾರಿದವರು, ಚರಂಡಿಯಲ್ಲಿ ಬಿದ್ದು ಬೆಳಗು ಮಾಡಿದವರು, ಮಕ್ಕಳ ತಲೆ ಒಡೆದವರು, ಎಲ್ಲರೂ ನನ್ನನ್ನು ಕಂಡು ಹೇಸಿಕೊಂಡರು. ಕುಡುಕರಲ್ಲೂ ನಾನು ಕೆಳಗಿನವನು ಎಂದು ಅವತ್ತು ಗೊತ್ತಾಯಿತು. ಸೀಟಿಯವನು ನನ್ನ ಹೆಗಲ ಮೇಲೆ ಕೈ ಹಾಕಲು ಬಂದು, ಹಾಕದೆ, "ನಿನ್ನಿಂದ ಬೇರೆಯವ್ರ ಚೇತರಿಕೆ ಹಾಳಾಗುತ್ತಪ್ಪಾ," ಎಂದ. ಹಾಗೆ, ಇನ್ನೂ ಹೊರಡದೆ ಗೇಟಿನಲ್ಲಿದ್ದ ಅಕ್ಕನ ಜೊತೆ ಮತ್ತೆ ಬಸ್ಸು. ವಾಪಸು ಬರುವ ದಾರಿಯಲ್ಲಿ ನಾನು ಇಳಿದು ಕುಡಿದೆ. ಅಕ್ಕ ಬಸ್ ನಿಲ್ದಾಣದ ಬೆಂಚಿನ ಮೇಲೆ ಗೋಡೆ ನೋಡುತ್ತಾ ಕೂತಿದ್ದಳು. ನನ್ನನ್ನು ಬೈಯಲಿಲ್ಲ. ಆ ಊರನ್ನು ಬೈದಳು.

ಮನೆಗೆ ಬಂದು ಮತ್ತೆ ಸಹಾಯವಾಣಿಗೆ ಫೋನು ಮಾಡಿ ಇದ್ದಬದ್ದ ಸಿಟ್ಟೆಲ್ಲ ಕಾರಿದಳು. ಆಚೆಯ ಹೆಣ್ಣುಮಗಳು ಎಲ್ಲ ಕೇಳಿಸಿಕೊಂಡು, ಅಷ್ಟು ದೂರ ಯಾಕಮ್ಮಾ ಹೋದಿರಿ, ನಿಮ್ಮೂರ ದೊಡ್ಡಾಸ್ಪತ್ರೆಯಲ್ಲೇ ಪುಕ್ಕಟೆ ವಾರ್ಡಿದೆಯಲ್ಲ, ಎರಡನೇ ಮಹಡಿ ಅಂದಳು. ಅಕ್ಕ ಫೋನನ್ನು ನೋಡಿದಳು. ಗೋಡೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಲೋ, ನೀನು ಕೆಲಸ ಮಾಡೋದು ಎಲ್ಲೋ?"

"ಕೆಳಗೆ."

ನಮಗೆ ಗೊತ್ತಾಗದೇ ಇದ್ದದ್ದು ಹೇಗೆ ಎಂದು ನೀವು ನಗಬಹುದು. ವಾರ್ಡಿನ ಬೋರ್ಡು ಇರುವುದು ಮುಂಬಾಗಿಲಲ್ಲಿ. ನಾವು ಹುಟ್ಟಿದಾಗಿನಿಂದ ಓಡಾಡುವುದು ಹಿಂದಿನ ಗೇಟಿನಲ್ಲಿ. ಮುಂದಿನ ಮೆಟ್ಟಿಲು ರೋಗಿಗಳಿಗೆ, ಅವರ ಕಡೆಯವರಿಗೆ. ನಾನು ಹತ್ತಿದರೆ ಅಪಶಕುನ ಅಂತ ವಾಚ್‌ಮನ್ ಬೆತ್ತ ಅಡ್ಡ ಹಿಡಿಯುತ್ತಾನೆ. ಭಾವ ಮುಂದಿನ ತೋಟದಲ್ಲಿ ದಿನವೆಲ್ಲ ಇರುತ್ತಾರೆ ನಿಜ. ಆದರೆ ಅವರಿಗೆ ಓದು ಬರುವುದಿಲ್ಲ. ನಮ್ಮ ಅಂಗಳದಿಂದ ಕಾಣುವ ಎರಡನೇ ಮಹಡಿಯ ಜಾಲರಿ ಕಿಟಕಿಗಳನ್ನು ನಾನು ಉಗ್ರಾಣದವು ಅಂದುಕೊಂಡಿದ್ದೆ. ಆ ವಾರ್ಡಿನಿಂದ ಕೆಳಗೆ ಬಂದ ಒಬ್ಬಿಬ್ಬರ ಪರಿಚಯ ನನಗೆ ಖಂಡಿತ ಇತ್ತು. ಅವರು ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೆ.

ಅಕ್ಕ ವಾಚ್‌ಮನ್ನನ ಬೆತ್ತವನ್ನು ಕೈಯಿಂದ ಸರಿಸಿ, "ಇವನು ಇವತ್ತು ರೋಗಿ. ದಾರಿ ಬಿಡಪ್ಪಾ," ಅಂದಳು. ಹಾಗೆ ನಾನು ನಮ್ಮದೇ ಆಸ್ಪತ್ರೆಯ ಮುಂದಿನ ಮೆಟ್ಟಿಲು ಹತ್ತಿದೆ. ವಾರ್ಡಿನ ಡಾಕ್ಟರಮ್ಮ ನನ್ನ ಮುಖ ಕಂಡವರಲ್ಲ. ಕೆಲಸ ಕೇಳಿದರು. ಈ ಸಲ ನಾನು ಬುದ್ಧಿವಂತನಾಗಿದ್ದೆ. "ಹೊಲಿಯೋ ಕೆಲಸ ಮೇಡಂ," ಅಂದೆ. ಸುಳ್ಳೇನಲ್ಲ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಮೈಯೊಳಗೆ ಯಾರೋ ಕೂತು ಗೋಣಿಚೀಲ ಕೊಡವಿದ ಹಾಗೆ ನಡುಕ. ಗೋಡೆಯಿಂದ ಇರುವೆಗಳು ಇಳಿದು ಬಂದವು. ನಾನು ಹೊಲಿದವರೆಲ್ಲ ಹೊಲಿಗೆ ತೋರಿಸುತ್ತಾ ಮಂಚದ ಸುತ್ತ ನಿಂತರು, ಇದು ಸೊಟ್ಟ, ಇದು ಸಡಿಲ ಎಂದು. ಕಾಲ ಮೇಲೇ ಉಚ್ಚೆ ಹೋಯಿತು. ನರ್ಸಮ್ಮ ಕೈಕಾಲು ಮಂಚಕ್ಕೆ ಕಟ್ಟಿದರು. ಬಿಡಿ, ಅವರು ಆಮೇಲೆ ಬಿಚ್ಚಿದರು ಕೂಡ. ಒಂದು ಬೆಳಿಗ್ಗೆ ಎದ್ದಾಗ ಗಂಜಿಯ ವಾಸನೆ ಮೂಗಿಗೆ ಬಂತು. ಬರೀ ಗಂಜಿಯದೇ ವಾಸನೆ. ಅಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಹಸಿವಾಯಿತು. ನಾನು ಅತ್ತೆ. ಪಕ್ಕದ ಮಂಚದ ಡ್ರೈವರು, "ಗಂಜಿಗೆ ಉಪ್ಪು ಕಮ್ಮಿ ಅಂತ ಅಳ್ತಿದೀಯಾ?" ಎಂದ.

ಈ ಡ್ರೈವರು ಒಳ್ಳೆಯವನು. ಬಸ್ಸನ್ನು ಮರಕ್ಕೆ ಗುದ್ದಿಸಿ ಬಂದಿದ್ದ. ನಾನು ಟೈಲರೆಂದು ನಂಬಿ, ಹರಿದ ಅಂಗಿಯನ್ನು ಹೊಲಿದುಕೊಡು ಅಂದ. ನರ್ಸಮ್ಮ ಎದುರಿಗೇ ಕೂತು ಸೂಜಿ ಕೊಟ್ಟರು. ನನಗೆ ಬರುವುದು ಒಂದೇ ಹೊಲಿಗೆ. ಎದೆಯಿಂದ ಹೊಟ್ಟೆಯವರೆಗೆ ಉದ್ದಕ್ಕೆ ಹಾಕುವುದು. ಅದನ್ನೇ ಹಾಕಿದೆ. ಡ್ರೈವರು ಅಂಗಿ ಎಳೆದೆಳೆದು ನೋಡಿ, "ಗಟ್ಟಿ ಇದೆ ಮಾರಾಯ. ಸತ್ರೂ ಬಿಚ್ಚಲ್ಲ," ಎಂದ. ನಾನು ಜೀವನದಲ್ಲಿ ಪಡೆದ ಒಂದೇ ಪ್ರಶಸ್ತಿ ಅದು.

ದಿನಾ ಬೆಳಿಗ್ಗೆ ಡಾಕ್ಟರಮ್ಮ ನಮ್ಮನ್ನೆಲ್ಲ ಕೂರಿಸಿ ಪಾಠ ಮಾಡುತ್ತಿದ್ದರು. ಒಂದು ಗುಟುಕು ಕೂಡ ಕೂಡದು. ಒಂದು ಗುಟುಕು ಕುಡಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ನಾನು ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದೆ. ಶಾಲೆಯಲ್ಲಿ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದಿಲ್ಲ.

ಒಂದು ದಿನ ಮಧ್ಯಾಹ್ನದ ಮಾತ್ರೆ ಕೊಡುತ್ತಿದ್ದ ಹೊತ್ತಿಗೆ ದೊಡ್ಡ ಸಾಹೇಬರು ವಾರ್ಡಿಗೆ ಬಂದರು. ಇಡೀ ಆಸ್ಪತ್ರೆಗೆ ಮೇಲಿನವರು. ಹಿಂದೆ ನಮ್ಮ ಶವಾಗಾರದ ಡಾಕ್ಟರು. ಅವರ ಕೈಯಲ್ಲಿ ಪೇಪರು ಸುತ್ತಿದ ಒಂದು ಪೊಟ್ಟಣ. ಆ ಆಕಾರ ಗೊತ್ತಿಲ್ಲದವರು ಆ ವಾರ್ಡಿನಲ್ಲಿ ಯಾರಿದ್ದಾರೆ? ಮಲಗಿದ್ದವರೆಲ್ಲ ಒಟ್ಟಿಗೆ ಎದ್ದು ಕೂತರು.

"ಏಳಯ್ಯಾ ಕತ್ತರಿ," ಅಂದರು ಸಾಹೇಬರು. "ಕೆರೆಯಿಂದ ಒಂದು ಬಾಡಿ ಬಂದಿದೆ. ಊದ್ಕೊಂಡಿದೆ. ದೊಡ್ಡವರ ಕಡೆಯದು, ಸಂಜೆ ಒಳಗೆ ಕೊಡಬೇಕು. ಆ ಇನ್ನೊಬ್ಬ ಕುಡಿದು ಬಿದ್ದು ಕಾಲು ಮುರ್ಕೊಂಡಿದ್ದಾನೆ."

"ಕತ್ತರಿ ಯಾರು?" ಅಂದ ಡ್ರೈವರು. "ಇವನು ಟೈಲರು."

"ಟೈಲರು!" ನಮ್ಮ ಡಾಕ್ಟರು ನಕ್ಕರು. "ಹೆಣ ಕೊಯ್ಯೋನಯ್ಯಾ ಇವನು."

ಡ್ರೈವರು ನನ್ನನ್ನು ನೋಡಿದ. ಅಂಗಿಯ ಹೊಲಿಗೆ ನೋಡಿದ. ಗುಂಡಿ ಬಿಚ್ಚಲೂ ತಾಳ್ಮೆಯಿಲ್ಲದೆ ತಲೆಯ ಮೇಲಿಂದ ಎಳೆದು, ಎರಡು ಬೆರಳಲ್ಲಿ ಹಿಡಿದು ನೆಲಕ್ಕೆ ಹಾಕಿದ. ನಾನು ಅದನ್ನು ಎತ್ತಲಿಲ್ಲ. ಎತ್ತಿದರೆ ಇನ್ನಷ್ಟು ಮೈಲಿಗೆಯಾದೀತು.

ನಾನು ಡಾಕ್ಟರಮ್ಮನ ಕಡೆ ತಿರುಗಿದೆ. ಮುಂದಿನ ಸಾಲಿನ ವಿದ್ಯಾರ್ಥಿಯಲ್ಲವೇ. ಅವರು ಪೊಟ್ಟಣವನ್ನೂ ನೋಡಿದರು, ಸಾಹೇಬರನ್ನೂ ನೋಡಿದರು. "ಇವತ್ತೊಂದು ದಿನ ಹೋಗಿ ಬಾಪ್ಪಾ," ಅಂದರು. "ಬೆಡ್ ಹಾಗೇ ಇಟ್ಟಿರ್ತೀನಿ. ಮತ್ತೆ ಮೊದಲಿಂದ ಶುರು ಮಾಡಿದ್ರಾಯ್ತು."

ಮೊದಲಿಂದ. ಆ ಇರುವೆ, ಆ ಉಚ್ಚೆ, ಆ ಕಟ್ಟು, ಎಲ್ಲ ಮೊದಲಿಂದ. ಅವರ ಹೊಟ್ಟೆಗೆ ಬೆಂಕಿ ಬೀಳಲಿ ಎಂದುಕೊಂಡೆ. ಮೈಯೆಲ್ಲ ಉರಿಯಿತು. ನನ್ನ ಲಿವರು ಅವರಿಗೆ ಬೇಕಿರಲಿಲ್ಲ. ನನ್ನ ಕೈ ಬೇಕಿತ್ತು, ಅದನ್ನು ಒಳಗೆ ತಳ್ಳಲು ಬಾಟಲಿ ಬೇಕಿತ್ತು. ಇಷ್ಟೆಲ್ಲ ಮನಸ್ಸಿನಲ್ಲಿ ಗುಡುಗಿತು. ಬಾಯಿಂದ ಬಂದದ್ದು ಬೆಕ್ಕಿನ ಮರಿಯ ದನಿ.

"ಬರಲ್ಲ ಸಾಹೇಬ್ರೇ."

"ಏನಂದೆ?"

"ಬರಲ್ಲ."

"ಕೊಬ್ಬಾ?"

"ಹೆದರಿಕೆ ಸಾಹೇಬ್ರೇ. ಕುಡೀದೆ ಆ ಬಾಗಿಲು ದಾಟೋಕೆ ನನ್ನ ಕೈಲಾಗಲ್ಲ. ಕುಡಿದ್ರೆ ಈ ಬಾಗಿಲಿಗೆ ವಾಪಸ್ ಬರೋಕಾಗಲ್ಲ." ಹೇಳುತ್ತಾ ಮಂಚದ ಕಬ್ಬಿಣ ಗಟ್ಟಿಯಾಗಿ ಹಿಡಿದುಕೊಂಡೆ. ಶೂರರು ಎದೆ ಸೆಟೆಸಿ ನಿಲ್ಲುತ್ತಾರಂತೆ. ನಾನು ಹಲ್ಲಿಯ ಹಾಗೆ ಅಂಟಿಕೊಂಡು ಕೂತಿದ್ದೆ.

ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಅಕ್ಕ ಬಂದಳು. ಸಾಹೇಬರು ಅವಳ ಮೇಲೆ ತಿರುಗಿದರು. "ನಿನ್ನ ತಮ್ಮನಿಗೆ ಬುದ್ಧಿ ಹೇಳು. ಇಲ್ಲ, ನಿಮ್ಮ ಮನೆಯವರೇ ಯಾರಾದ್ರೂ ಬಂದು ಮಾಡಲಿ. ಅದೂ ಇಲ್ಲ ಅಂದ್ರೆ ಇವತ್ತೇ ಕೋಣೆ ಖಾಲಿ."

ಅಕ್ಕ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟಳು. "ಖಾಲಿ ಮಾಡ್ತೀವಿ ಸಾಹೇಬ್ರೇ. ನಮ್ಮ ಸಾಮಾನೆಲ್ಲ ಒಂದು ಗಂಟಿಗೆ ಸಾಲದು. ಇವನು ಮಾತ್ರ ಏಳಲ್ಲ. ಊಟ ಮಾಡೋ."

ಸಾಹೇಬರೂ ನಮ್ಮ ಡಾಕ್ಟರೂ ಕೆಳಗೆ ಹೋದರು. ನರ್ಸಮ್ಮ ಬಾಗಿಲಿಗೆ ಬೀಗ ಹಾಕಿದರು. ಅನ್ನ ಬಾಯಿಗಿಟ್ಟೆ, ನುಂಗಲಾಗಲಿಲ್ಲ. ಅಕ್ಕ ಜಾಲರಿ ಕಿಟಕಿಯ ಬಳಿ ನಿಂತಿದ್ದಳು. ಕೆಳಗೆ ನಮ್ಮ ಶವಾಗಾರದ ಅಂಗಳ ಕಾಣುತ್ತದೆ. ಒಮ್ಮೆಲೇ ಅವಳು ಜಾಲರಿಗೆ ಬಡಿದು ಕೂಗಿದಳು. "ಅಯ್ಯೋ, ಇವ್ರನ್ನ ಕರ್ಕೊಂಡ್ ಬಂದಿದ್ದಾರಲ್ಲೋ!"

ಎದ್ದು ನೋಡಿದೆ. ಶವಾಗಾರದ ಬಾಗಿಲಲ್ಲಿ ಭಾವ. ಕಾಲಿಗೆ ಇನ್ನೂ ತೋಟದ ಕೆಸರಿತ್ತು. ಕೋಣೆ ಹೋಗುತ್ತದೆ ಅಂದಿರಬೇಕು. ಆ ಪುಣ್ಯಾತ್ಮ ಎದುರು ಮಾತಾಡದೆ ಬಂದುಬಿಟ್ಟಿದ್ದರು. ಅವರು ಒಂದು ಸಲ ಒಳಗೆ ಇಣುಕಿದರು. ಗೋಡೆ ಹಿಡಿದು ವಾಂತಿ ಮಾಡಿಕೊಂಡರು. ಡಾಕ್ಟರು ಹೋಗಿ ಅವರ ಬೆನ್ನು ಸವರಿದರು. ಆಮೇಲೆ ಪೊಟ್ಟಣದ ಪೇಪರು ಬಿಚ್ಚತೊಡಗಿದರು.

ನಾನು ಬಾಗಿಲು ಬಡಿದೆ. "ಹೊರಗೆ ಕಾಲಿಟ್ರೆ ಓಡಿಹೋದ ಅಂತ ಬರೀಬೇಕಾಗುತ್ತೆ. ಬೆಡ್ ಹೋಗುತ್ತೆ," ಅಂದರು ನರ್ಸಮ್ಮ. "ಬರ್ಕೊಳ್ಳಿ," ಅಂದೆ. ಅವರು ಡಾಕ್ಟರಮ್ಮನ ಮುಖ ನೋಡಿದರು. ಡಾಕ್ಟರಮ್ಮ ಕಿಟಕಿಯಲ್ಲಿ ನಿಂತು ಕೆಳಗೆ ನೋಡುತ್ತಿದ್ದರು. ಬಂದು ತಾವೇ ಬೀಗ ತೆಗೆದರು.

ಓಡಿದೆ. ಓಡಿದೆ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. ಆ ವಾರ್ಡಿನಲ್ಲಿ ನೇಣು ಹಾಕಿಕೊಂಡಾರೆಂದು ಪೈಜಾಮದ ಲಾಡಿ ಕಿತ್ತುಕೊಂಡಿರುತ್ತಾರೆ. ಅನ್ಯಾಯದ ವಿರುದ್ಧ ಹೊರಟವನ ಒಂದು ಕೈ ಸೊಂಟದಲ್ಲೇ ಇತ್ತು. ಮುಂದಿನ ಮೆಟ್ಟಿಲ ಮೇಲೆ ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ವಾಚ್‌ಮನ್ ಬೆತ್ತ ಎತ್ತಿದ, ನನ್ನ ಅವತಾರ ನೋಡಿ ಇಳಿಸಿದ.

ನಾನು ತಲುಪಿದಾಗ ಬಾಟಲಿ ಭಾವನ ಕೈಯಲ್ಲಿತ್ತು. ಮುಚ್ಚಳ ಇರಲಿಲ್ಲ. ಅವರ ತುಟಿ ಒಣಗಿತ್ತು, ಕಣ್ಣಲ್ಲಿ ನೀರು. ಸತ್ತವನ ಮನೆಯ ಹೆಂಗಸರು ಮರದ ಕೆಳಗೆ ನೆಲದಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದರು. ನಾನು ಬಾಟಲಿ ಕಿತ್ತುಕೊಂಡೆ. ವಾಸನೆ ಮುಖಕ್ಕೆ ಬಡಿಯಿತು. ಬೇಡವೆನಿಸಿತು ಎಂದು ಹೇಳಲು ನನಗೂ ಆಸೆಯಿದೆ. ಹಾಗಾಗಲಿಲ್ಲ. ಬಾಯಲ್ಲಿ ನೀರೂರಿತು, ಇಡೀ ಮೈ ಬಾಟಲಿಯ ಬಾಯಿಗೆ ಬಗ್ಗಿತು. ಒಂದು ಕೈಯಲ್ಲಿ ಬಾಟಲಿ, ಒಂದು ಕೈಯಲ್ಲಿ ಮಾನ. ಭಾವನನ್ನು ಹಿಡಿದುಕೊಳ್ಳಲು ಮೂರನೆಯ ಕೈ ಇರಲಿಲ್ಲ.

ಬಾಟಲಿಯನ್ನು ಡಾಕ್ಟರ ಕೈಗೆ ತುರುಕಿದೆ.

"ಒಳಗೆ ಹೋಗೋರು ಕುಡೀಲಿ," ಅಂದೆ. ಈ ಸಲ ದನಿ ಬೆಕ್ಕಿನದಾಗಿರಲಿಲ್ಲ. "ಹೋಗಿ ಡಾಕ್ಟ್ರೇ. ಒಳಗೆ ಅವರಪ್ಪನೋ ಗಂಡನೋ ಮಲಗಿದ್ದಾನೆ. ಆ ಹೆಂಗಸರು ಕಾಯ್ತಿದ್ದಾರೆ."

"ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ," ಎಂದರು ಪಕ್ಕದಲ್ಲೇ ನಿಂತಿದ್ದ ದೊಡ್ಡ ಸಾಹೇಬರು.

"ಹೋಗ್ಲಿ. ಯಾರಿಗೂ ಬಾರದೆ ಇರ್ಲಿ."

ಭಾವ, "ಕೋಣೆ ಕಣಪ್ಪಾ, ಕೋಣೆ..." ಅಂದರು. "ಬನ್ನಿ ಭಾವ," ಎಂದು ಅವರ ಕೈ ಹಿಡಿದೆ. ಅವರು ಹಿಂದಿನ ಗೇಟಿನ ಕಡೆ ತಿರುಗಿದರು, ಅಭ್ಯಾಸ. ನಾನು ಎಳೆದುಕೊಂಡು ಮುಂದಿನ ಮೆಟ್ಟಿಲಿಗೆ ಬಂದೆ. ಕೆಸರು ಕಾಲಿನ ಗುರುತು ಹೊಳೆಯುವ ನೆಲದ ಮೇಲೆ ಸಾಲಾಗಿ ಮೂಡಿತು. ಯಾರೋ ಹಿಂದಿನಿಂದ ಕೂಗುತ್ತಿದ್ದರು. ಎರಡನೇ ಮಹಡಿಯವರೆಗೆ ನಾವು ತಿರುಗಿ ನೋಡಲಿಲ್ಲ.

ವಾರ್ಡಿನ ಬಾಗಿಲಲ್ಲಿ ಡಾಕ್ಟರಮ್ಮ ನಿಂತಿದ್ದರು, ಪಕ್ಕದಲ್ಲಿ ಅಕ್ಕ. ಒಳಗೆ ಮಂಚಗಳ ಮೇಲೆ ಎಲ್ಲರೂ ಕೂತು ನೋಡುತ್ತಿದ್ದರು.

"ಮೇಡಂ, ಇವ್ರನ್ನೂ ಸೇರಿಸ್ಕೊಳ್ಳಿ," ಅಂದೆ, ಏದುಸಿರು ಬಿಡುತ್ತಾ. "ಇವ್ರಿಗೆ ಕಾಯಿಲೆ ಇನ್ನೂ ಶುರುವಾಗಿಲ್ಲ. ಕೆಳಗೆ ಈಗಷ್ಟೇ ಶುರು ಮಾಡ್ತಿದ್ರು."

ಡಾಕ್ಟರಮ್ಮ ಭಾವನ ಕೆಸರು ಕಾಲು ನೋಡಿದರು. "ಇರೋದು ಒಂದೇ ಬೆಡ್," ಅಂದರು.

"ಒಂದೇ ಸಾಕು ಮೇಡಂ," ಅಂದಳು ಅಕ್ಕ. "ಇಬ್ಬರೂ ತೆಳ್ಳಗಿದ್ದಾರೆ."